ಮಹಾಸ್ಫೋಟ ಅಂತೀವಿ, ಆದರೆ ಎಳೆಯ ವಿಶ್ವದಲ್ಲಿ ಸುಳಿಗಳೇ ಇರಲಿಲ್ಲ

‘ಮಹಾಸ್ಫೋಟ’ ಅನ್ನೋ ಪದವೇ ನಮ್ಮನ್ನು ದಾರಿ ತಪ್ಪಿಸುತ್ತೆ. ಕೇಳಿದ ತಕ್ಷಣ ಬೆಂಕಿ, ಹೊಗೆ, ದಿಕ್ಕಾಪಾಲಾಗಿ ಹಾರುವ ಚೂರುಗಳು ಕಣ್ಣಮುಂದೆ ಬರುತ್ತವೆ. ಎಳೆಯ ವಿಶ್ವ ಅಂದರೆ ಕೊತಕೊತ ಕುದಿಯುವ, ಸುಳಿಗಳೇ ತುಂಬಿದ ಕಡಾಯಿ ಅಂತ ಅಂದುಕೊಳ್ಳುತ್ತೇವೆ. ಒಂದು ಕಾಲಕ್ಕೆ ಘಟಾನುಘಟಿ ವಿಜ್ಞಾನಿಗಳೂ ಹೀಗೇ ಯೋಚಿಸಿದ್ದರು.

1951ರಲ್ಲಿ ಜರ್ಮನಿಯ ವೈಝ್‌ಸೆಕರ್, 1952ರಲ್ಲಿ ಜಾರ್ಜ್ ಗ್ಯಾಮೊವ್ ಈ ವಾದ ಮುಂದಿಟ್ಟರು. ಗೆಲಾಕ್ಸಿಗಳು ಹುಟ್ಟಿದ್ದು ಆದಿಕಾಲದ ಟರ್ಬುಲೆನ್ಸ್‌ನಿಂದ, ಅವು ಗಿರಗಿರ ತಿರುಗುವುದು ಆ ಸುಳಿಗಳ ನೆನಪು ಅಂತ. ಕೇಳೋಕೆ ತುಂಬಾ ಚೆಂದ. ಆದರೆ ಇದನ್ನು ಪರೀಕ್ಷಿಸೋದು ಹೇಗೆ?

ಸಾಕ್ಷಿ ಬಂದಿದ್ದು ಗ್ಯಾಮೊವ್ ಬಳಗದಿಂದಲೇ. ವಿಶ್ವದ ಮೊದಲ ಶಾಖದ ಪಳೆಯುಳಿಕೆ ಇಂದಿಗೂ ಎಲ್ಲೆಡೆ ಹರಡಿರಬೇಕು ಅಂತ ಅವರ ಸಹೋದ್ಯೋಗಿಗಳಾದ ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು. 1964ರಲ್ಲಿ ಅಮೆರಿಕದ ಪೆಂಜಿಯಾಸ್ ಮತ್ತು ವಿಲ್ಸನ್ ಅವರ ಆಂಟೆನಾಗೆ ಅದು ಸಿಕ್ಕಿತು. ಅದೇ ಕಾಸ್ಮಿಕ್ ಮೈಕ್ರೋವೇವ್ ಬ್ಯಾಕ್‌ಗ್ರೌಂಡ್, ಅಂದರೆ ಸಿಎಂಬಿ. ವಿಶ್ವಕ್ಕೆ 3,80,000 ವರ್ಷವಾಗಿದ್ದಾಗ ಹೊರಟ ಈ ಬೆಳಕಿನ ತಾಪಮಾನ ಇಂದು 2.725 ಕೆಲ್ವಿನ್.

ಬೆಳಕು ಹೊರಟ ಕ್ಷಣದಲ್ಲಿ ಅಲ್ಲಿ ಸುಳಿಗಳಿದ್ದಿದ್ದರೆ, ನಮ್ಮ ಕಡೆ ನುಗ್ಗುವ ಭಾಗ ತುಸು ಬಿಸಿಯಾಗಿ, ದೂರ ಸರಿಯುವ ಭಾಗ ತುಸು ತಣ್ಣಗೆ ಕಾಣಬೇಕಿತ್ತು. ವೇಗ ಬೆಳಕಿನ ವೇಗದ ಶೇ. 1ರಷ್ಟಿದ್ದರೆ ತಾಪಮಾನದಲ್ಲೂ ಸುಮಾರು ಶೇ. 1ರ ವ್ಯತ್ಯಾಸ. 1992ರಲ್ಲಿ ಕೋಬ್ ಉಪಗ್ರಹದ ತಂಡ ಪ್ರಕಟಿಸಿದ ವ್ಯತ್ಯಾಸ ಎಷ್ಟು ಗೊತ್ತಾ? ಲಕ್ಷದಲ್ಲಿ ಒಂದು ಭಾಗದ ಆಸುಪಾಸು. ಅಂದರೆ ಚಲನೆಯ ವೇಗ ಸೆಕೆಂಡಿಗೆ ಕೆಲವೇ ಕಿಲೋಮೀಟರ್.

ಯಾಕೆ ಇಷ್ಟು ಶಾಂತ? ನಾನು ಇಂಜಿನಿಯರಿಂಗ್‌ನಲ್ಲಿ ಓದಿದ್ದರಲ್ಲಿ ಇಲ್ಲಿ ಕೆಲಸಕ್ಕೆ ಬರೋದು ರೆನಾಲ್ಡ್ಸ್ ಸಂಖ್ಯೆ. ಹರಿವಿನ ರಭಸಕ್ಕೂ ದ್ರವದ ಅಂಟುತನಕ್ಕೂ ಇರುವ ಅನುಪಾತ ಅದು. ರಭಸ ಗೆದ್ದರೆ ಸುಳಿ, ಅಂಟು ಗೆದ್ದರೆ ನಯವಾದ ಹರಿವು. ನೀರನ್ನು ಜೋರಾಗಿ ಸುರಿದರೆ ಕದಡುತ್ತೆ, ಜೋನಿಬೆಲ್ಲ ಕದಡಲ್ಲ. ಎಳೆಯ ವಿಶ್ವದಲ್ಲಿ ಆ ಅಂಟಿನ ಕೆಲಸ ಮಾಡಿದ್ದು ಬೆಳಕೇ. ಎಲೆಕ್ಟ್ರಾನ್‌ಗಳಿಗೆ ಬಡಿದು ಬಡಿದು ಹರಡುತ್ತಿದ್ದ ಫೋಟಾನ್‌ಗಳು ಸಾವಿರಾರು ಜ್ಯೋತಿರ್ವರ್ಷಗಳಿಗಿಂತ ಚಿಕ್ಕದಾದ ಏರುಪೇರನ್ನೆಲ್ಲ ಒರೆಸಿಹಾಕಿದವು. ಇದನ್ನು 1968ರಲ್ಲಿ ತೋರಿಸಿಕೊಟ್ಟವರು ಜೋಸೆಫ್ ಸಿಲ್ಕ್.

ಅದಕ್ಕಿಂತ ದೊಡ್ಡ ಸುಳಿ? ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ 3,80,000 ವರ್ಷ ಸಾಗಿದರೂ ತಲುಪೋದು ಸುಮಾರು 4 ಜ್ಯೋತಿರ್ವರ್ಷ ಅಷ್ಟೆ. ಅಷ್ಟರಲ್ಲಿ ಒಂದು ಸುತ್ತೂ ಮುಗಿಯಲ್ಲ.

ಹಾಗಂತ ಅಲ್ಲಿ ಏನೂ ಅಲುಗಾಡುತ್ತಿರಲಿಲ್ಲ ಅಂತಲ್ಲ. ಗುರುತ್ವ ಒಳಗೆ ಎಳೆಯುತ್ತಿತ್ತು, ಬೆಳಕಿನ ಒತ್ತಡ ಹೊರಗೆ ತಳ್ಳುತ್ತಿತ್ತು. ಹುಟ್ಟಿದ್ದು ಸುಳಿಯಲ್ಲ, ಶಬ್ದದ ಅಲೆ. ಸಿಎಂಬಿ ನಕ್ಷೆಯಲ್ಲಿ ಸುಮಾರು 1 ಡಿಗ್ರಿ ಅಗಲದ, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು ಅಗಲದ ಕಲೆಗಳು ಎದ್ದು ಕಾಣೋದು ಆ ಅಲೆಗಳ ಗುರುತು. ಡಬ್ಲ್ಯುಮ್ಯಾಪ್, ಪ್ಲಾಂಕ್ ಉಪಗ್ರಹಗಳು ಇದನ್ನು ಇನ್ನೂ ಸೂಕ್ಷ್ಮವಾಗಿ ಅಳೆದಿವೆ. ಗೆಲಾಕ್ಸಿಗಳು ತಿರುಗೋದಕ್ಕೆ ಅಕ್ಕಪಕ್ಕದ ರಾಶಿಗಳ ಗುರುತ್ವದ ಎಳೆತವೇ ಕಾರಣ ಅನ್ನೋ ವಿವರಣೆ ಇಂದು ಒಪ್ಪಿತವಾಗಿದೆ.

ಗ್ಯಾಮೊವ್ ಸಣ್ಣ ಹೆಸರಲ್ಲ. ಆದರೂ ಅವರ ಸುಳಿಗಳನ್ನು ಹೆಸರು ಉಳಿಸಲಿಲ್ಲ. ಯಾರು ಹೇಳಿದರು ಅನ್ನೋದರ ಮೇಲೇ ವಾದ ಗೆಲ್ಲುವ ಈ ದಿನಗಳಲ್ಲಿ ನನಗೆ ಈ ಕಥೆ ಇಷ್ಟವಾಗೋದು ಇದಕ್ಕೇ.

ಟರ್ಬುಲೆನ್ಸ್ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಸಿಎಂಬಿ ಒಂದು ಪರದೆ, ಅದರಾಚೆಗೆ ಬೆಳಕು ನಮಗೆ ಕಾಣಲ್ಲ. ವಿಶ್ವ ಹುಟ್ಟಿದ ಮೊದಲ ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ, ನೀರು ಕುದಿಯುವಾಗ ಗುಳ್ಳೆ ಏಳುವಂತೆ ಏನಾದರೂ ಆಗಿದ್ದರೆ, ಆಗ ಸುಳಿಗಳೆದ್ದು ಗುರುತ್ವ ಅಲೆಗಳನ್ನು ಬಿಟ್ಟಿರಬಹುದು. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟ ಲೀಸಾ ಯೋಜನೆ ಅಂಥ ಅಲೆಗಳಿಗೂ ಕಿವಿಗೊಡಲಿದೆ. ಸಿಕ್ಕರೆ ಒಪ್ಪೋಣ, ಸಿಗದಿದ್ದರೆ ಆ ಊಹೆಯನ್ನೂ ಪಕ್ಕಕ್ಕಿಡೋಣ.