ಹಂಚಿಕೆ ಕಚೇರಿಗಳು: ಕಟ್ಟಡದ ಮಾಲೀಕರು ಅರಿತಿರಬೇಕಾದ ತಂತ್ರಜ್ಞಾನ

ಕಚೇರಿ ಕಟ್ಟಡವನ್ನು ಬಾಡಿಗೆಗೆ ಕೊಡುವುದೆಂದರೆ ಹಿಂದೆ ಗೋಡೆ, ನೆಲ, ನೀರು ಮತ್ತು ವಿದ್ಯುತ್ತನ್ನು ಒದಗಿಸುವುದಷ್ಟೇ ಆಗಿತ್ತು. ದೂರವಾಣಿ, ಕಂಪ್ಯೂಟರ್, ಅಂತರಜಾಲ ಇವೆಲ್ಲ ಬಾಡಿಗೆದಾರರ ಚಿಂತೆಯಾಗಿದ್ದವು. ಹಲವು ವರ್ಷಗಳ ಕರಾರಿಗೆ ಸಹಿ ಹಾಕಿದ ಸಂಸ್ಥೆ ತನಗೆ ಬೇಕಾದ ಕೇಬಲನ್ನು ತಾನೇ ಎಳೆಸಿಕೊಳ್ಳುತ್ತಿತ್ತು. ಹೊರಡುವಾಗ ತಾನೇ ತೆಗೆದೊಯ್ಯುತ್ತಿತ್ತು. ತಿಂಗಳ ಲೆಕ್ಕದಲ್ಲಿ, ಮೇಜಿನ ಲೆಕ್ಕದಲ್ಲಿ ಜಾಗ ಕೊಡುವ ಹಂಚಿಕೆ ಕಚೇರಿಗಳು ಈ ಗೆರೆಯನ್ನು ಅಳಿಸಿಹಾಕಿವೆ. ಸೋಮವಾರ ಬೆಳಿಗ್ಗೆ ಬಂದು ಕೂರುವ ಐದು ಜನರ ಸಂಸ್ಥೆಗೆ ಅಂದೇ ಸಂಪರ್ಕ ಬೇಕು, ಬಾಗಿಲು ತೆರೆಯುವ ಕಾರ್ಡು ಬೇಕು, ವಿಡಿಯೊ ಸಭೆಯ ಕೊಠಡಿ ಬೇಕು.

ಬೆಳೆದು ಬಂದ ಬಗೆ

ಸಜ್ಜಾದ ಕಚೇರಿಯನ್ನು ಅಲ್ಪಾವಧಿಗೆ ಬಾಡಿಗೆಗೆ ಕೊಡುವ ರೀಗಸ್ ಸಂಸ್ಥೆ 1989ರಲ್ಲಿ ಬ್ರಸೆಲ್ಸ್‌ನಲ್ಲಿ ಆರಂಭವಾಯಿತು. ‘ಕೋ-ವರ್ಕಿಂಗ್’ ಎಂಬ ಹೆಸರಿನ ಜಾಗವನ್ನು ಬ್ರಾಡ್ ನ್ಯೂಬರ್ಗ್ ಅವರು 2005ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೆರೆದರು. 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ವಿವರ್ಕ್ 2017ರಲ್ಲಿ ಬೆಂಗಳೂರಿಗೆ ಬಂದಿತು. ಇಂದು ದೇಶದಲ್ಲಿ ಇಂಥ ಜಾಗ ಅತಿ ಹೆಚ್ಚಾಗಿರುವ ನಗರ ಬೆಂಗಳೂರು.

ಕಟ್ಟಡದ ಮಾಲೀಕರು ಈ ವ್ಯವಹಾರವನ್ನು ಮೂರು ಬಗೆಯಲ್ಲಿ ನಡೆಸುತ್ತಾರೆ. ಮಹಡಿಯನ್ನು ನಿರ್ವಾಹಕ ಸಂಸ್ಥೆಗೆ ಗುತ್ತಿಗೆಗೆ ಕೊಡುವುದು ಒಂದು. ನಿರ್ವಾಹಕರೊಂದಿಗೆ ಆದಾಯ ಹಂಚಿಕೊಳ್ಳುವುದು ಇನ್ನೊಂದು. ತಾವೇ ನಡೆಸುವುದು ಮೂರನೆಯದು. ಮೂರರಲ್ಲೂ ಏಳುವ ಪ್ರಶ್ನೆ ಒಂದೇ: ಕಟ್ಟಡದೊಳಗಿನ ತಂತ್ರಜ್ಞಾನ ಯಾರದು, ಅದರ ಕೀಲಿ ಯಾರ ಕೈಯಲ್ಲಿದೆ?

ತಂತಿ ಮತ್ತು ತರಂಗ

ಕಟ್ಟಡ ಹಲವು ದಶಕ ನಿಲ್ಲುತ್ತದೆ; ಒಳಗಿನ ಕೇಬಲ್ ಹದಿನೈದಿಪ್ಪತ್ತು ವರ್ಷ ಬಾಳುತ್ತದೆ; ಸ್ವಿಚ್ಚು, ವೈ-ಫೈ ಉಪಕರಣಗಳು ಐದಾರು ವರ್ಷಕ್ಕೆ ಹಳತಾಗುತ್ತವೆ. ಆದ್ದರಿಂದ ದೀರ್ಘಕಾಲ ಬಾಳುವುದನ್ನು, ಅಂದರೆ ಮಹಡಿಯಿಂದ ಮಹಡಿಗೆ ಏರುವ ಕೇಬಲ್ ಮಾರ್ಗ, ಆಪ್ಟಿಕಲ್ ಫೈಬರ್, ಉಪಕರಣ ಕೊಠಡಿ ಮತ್ತು ಅದರ ವಿದ್ಯುತ್ತನ್ನು, ಮಾಲೀಕರು ತಮ್ಮ ಸ್ವತ್ತಾಗಿ ಇಟ್ಟುಕೊಳ್ಳುವುದು ಲೇಸು. ತಾಮ್ರದ ನೆಟ್‌ವರ್ಕ್ ಕೇಬಲ್ಲಿನ ಮಿತಿ 100 ಮೀಟರ್. ಹಾಗಾಗಿ ವಿಶಾಲವಾದ ಮಹಡಿಗೆ ಒಂದಕ್ಕಿಂತ ಹೆಚ್ಚು ಉಪಕರಣ ಕೊಠಡಿ ಬೇಕಾಗಬಹುದು.

ರಸ್ತೆ ಅಗೆತ ನಿತ್ಯದ ಮಾತಾಗಿರುವ ನಮ್ಮ ನಗರಗಳಲ್ಲಿ ಎರಡು ಕಂಪನಿಗಳಿಂದ ಸಂಪರ್ಕ ಪಡೆದರಷ್ಟೇ ಸಾಲದು. ಎರಡೂ ಫೈಬರುಗಳು ಒಂದೇ ಕೊಳವೆಯಲ್ಲಿ ಬಂದಿದ್ದರೆ ಬಿಲ್ಲು ಎರಡಾದರೂ ಗುದ್ದಲಿಯ ಏಟು ಒಂದೇ. ಕಟ್ಟಡದ ಎರಡು ಬದಿಯಿಂದ ಪ್ರತ್ಯೇಕ ಮಾರ್ಗದಲ್ಲಿ ಅವು ಒಳಬರಬೇಕು. ಲೋಹಲೇಪಿತ ಗಾಜಿನ ಗೋಡೆಗಳು ಬಿಸಿಲಿನೊಡನೆ ಮೊಬೈಲ್ ತರಂಗವನ್ನೂ ತಡೆಯುತ್ತವೆ. ಎಲ್ಲ ದೂರಸಂಪರ್ಕ ಕಂಪನಿಗಳೂ ಬಳಸಬಹುದಾದ ಒಳ ಆಂಟೆನಾ ವ್ಯವಸ್ಥೆ ಇದಕ್ಕೆ ಪರಿಹಾರ. ಡಿಜಿಟಲ್ ಸಂಪರ್ಕದ ಗುಣಮಟ್ಟಕ್ಕೆ ಅನುಗುಣವಾಗಿ ಕಟ್ಟಡಗಳಿಗೆ ದರ್ಜೆ ನೀಡುವ ನಿಯಮಾವಳಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ.

ಒಂದೇ ಸೂರು, ಬೇರೆ ಬೇರೆ ಗುಟ್ಟು

ಒಂದೇ ಮಹಡಿಯಲ್ಲಿ ವಕೀಲರ ಕಚೇರಿ, ಲೆಕ್ಕಪರಿಶೋಧಕರು ಮತ್ತು ಪರಸ್ಪರ ಪೈಪೋಟಿಯಲ್ಲಿರುವ ಎರಡು ಸಂಸ್ಥೆಗಳು ಕೂತಿರಬಹುದು. ನ್ಯೂಯಾರ್ಕ್‌ನ ವಿವರ್ಕ್ ಕಟ್ಟಡವೊಂದರ ವೈ-ಫೈಯಲ್ಲಿ ಇತರ ಸಂಸ್ಥೆಗಳ ಕಡತಗಳು ಕಾಣುತ್ತಿದ್ದುದನ್ನು 2019ರಲ್ಲಿ ಸಿನೆಟ್ ಸುದ್ದಿತಾಣ ವರದಿ ಮಾಡಿತು. ಗೋಡೆಯ ಮೇಲೆ ಬರೆದಿಟ್ಟ ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸುವ ಕಡೆ ಈ ಅಪಾಯ ತಪ್ಪಿದ್ದಲ್ಲ. ಪ್ರತಿ ಸಂಸ್ಥೆಗೂ ಪ್ರತ್ಯೇಕ ವಿ-ಲ್ಯಾನ್, ಪ್ರತಿ ವ್ಯಕ್ತಿಗೂ ಪ್ರತ್ಯೇಕ ಗುರುತು ಇರುವುದು ಕನಿಷ್ಠ ಅಗತ್ಯ. ಪರೀಕ್ಷೆಯೂ ಸರಳ: ಒಂದು ಸಂಸ್ಥೆಯ ಲ್ಯಾಪ್‌ಟಾಪಿಗೆ ಪಕ್ಕದ ಸಂಸ್ಥೆಯ ಪ್ರಿಂಟರ್ ಕಾಣಿಸಿದರೆ ವ್ಯವಸ್ಥೆ ಕೆಟ್ಟಿದೆ ಎಂದೇ ಅರ್ಥ.

ಬಾಗಿಲು, ಹವಾನಿಯಂತ್ರಣ, ದೀಪ

ಬಾಗಿಲ ಕಾರ್ಡುಗಳಲ್ಲಿ ಬಹುವಾಗಿ ಬಳಕೆಯಾದ ಮೈಫೇರ್ ಕ್ಲಾಸಿಕ್ ಚಿಪ್ಪಿನ ಸಂಕೇತ ರಕ್ಷಣೆಯನ್ನು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಭೇದಿಸಿದರು. ಹಳೆಯ ಕಾರ್ಡುಗಳನ್ನು ಬದಲಿಸುವುದರ ಜತೆಗೆ, ಕರಾರು ಮುಗಿದ ದಿನವೇ ಕಾರ್ಡು ನಿಷ್ಕ್ರಿಯವಾಗುವ ಏರ್ಪಾಡು ಇರಬೇಕು.

ಹವಾನಿಯಂತ್ರಣ, ದೀಪ, ಲಿಫ್ಟುಗಳ ನಿಯಂತ್ರಣ ಜಾಲವೂ ಈಗ ಅಂತರಜಾಲಕ್ಕೆ ಜೋಡಣೆಗೊಂಡಿರುತ್ತದೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ಸುಮಾರು 4 ಕೋಟಿ ಗ್ರಾಹಕರ ಕಾರ್ಡ್ ವಿವರ ಕಳುವಾದಾಗ, ಕಳ್ಳರು ಮೊದಲು ಒಳನುಗ್ಗಿದ್ದು ಶೈತ್ಯೀಕರಣ ಗುತ್ತಿಗೆದಾರರೊಬ್ಬರ ಪಾಸ್‌ವರ್ಡ್ ಬಳಸಿ. ಅದೇ ವರ್ಷ ಇಬ್ಬರು ಭದ್ರತಾ ಸಂಶೋಧಕರು ಗೂಗಲ್‌ನ ಸಿಡ್ನಿ ಕಚೇರಿಯ ಕಟ್ಟಡ ನಿಯಂತ್ರಣ ವ್ಯವಸ್ಥೆಯನ್ನು ಅಂತರಜಾಲದ ಮೂಲಕವೇ ಪ್ರವೇಶಿಸಿ ತೋರಿಸಿದರು. ಜರ್ಮನಿಯ ಕಚೇರಿ ಕಟ್ಟಡವೊಂದರ ದೀಪ, ಪರದೆ ನಿಯಂತ್ರಿಸುವ ನೂರಾರು ಉಪಕರಣಗಳಲ್ಲಿ ಮುಕ್ಕಾಲು ಪಾಲನ್ನು ದಾಳಿಕೋರರು ಕೆಡಿಸಿ, ತಮ್ಮದೇ ಪಾಸ್‌ವರ್ಡ್ ಹಾಕಿಟ್ಟ ಸಂಗತಿ 2021ರಲ್ಲಿ ಬೆಳಕಿಗೆ ಬಂದಿತು. ಕಟ್ಟಡದ ಯಂತ್ರಗಳ ಜಾಲವನ್ನು ಬಾಡಿಗೆದಾರರ ಜಾಲದಿಂದ ಪೂರ್ಣವಾಗಿ ಬೇರ್ಪಡಿಸಬೇಕು ಎಂಬುದೇ ಈ ಮೂರೂ ಘಟನೆಗಳ ಪಾಠ.

ಕಾನೂನಿನ ಹೊಣೆ

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ನಿಗದಿತ ಬಗೆಯ ಸೈಬರ್ ಅವಘಡಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ತಿಳಿಸಬೇಕು. ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸಂದರ್ಶಕರ ಫೋಟೊ, ಮೊಬೈಲ್ ಸಂಖ್ಯೆ, ಬೆರಳಚ್ಚುಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಹೊಣೆಗಳ ಜಾರಿಗೆ 18 ತಿಂಗಳ ಅವಕಾಶ ನೀಡಲಾಗಿದೆ. ಭದ್ರತಾ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೂ ಆಗಬಹುದು. ಸ್ವಾಗತಕಾರರ ಮೇಜಿನ ಮೇಲಿನ ಟ್ಯಾಬ್ಲೆಟ್ಟಿನಲ್ಲಿ ಸಂಗ್ರಹವಾಗುವ ಮಾಹಿತಿ ಮಾಲೀಕರದೋ ನಿರ್ವಾಹಕರದೋ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರಬೇಕು.

ನಿರ್ವಾಹಕ ಹೊರಟಾಗ

ವಿವರ್ಕ್ 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತು. ಅನೇಕ ಗುತ್ತಿಗೆಗಳನ್ನು ಕೈಬಿಟ್ಟು 2024ರಲ್ಲಿ ಅದರಿಂದ ಹೊರಬಂದಿತು. ಭಾರತದ ಘಟಕ ಬೇರೆ ಒಡೆತನದ್ದಾದ್ದರಿಂದ ಆ ಪ್ರಕ್ರಿಯೆಗೆ ಒಳಪಡಲಿಲ್ಲ. ಆದರೆ ನಿರ್ವಾಹಕ ಸಂಸ್ಥೆ ಹೊರಟುಹೋಗಬಹುದು ಎಂಬುದು ಎಲ್ಲ ಊರಿನ ಮಾಲೀಕರಿಗೂ ಅನ್ವಯಿಸುವ ಸತ್ಯ. ಆ ದಿನ ಮಹಡಿಯ ಕೀಲಿಗೊಂಚಲು ಮರಳಿದರೂ ಸ್ವಿಚ್ಚುಗಳ ಪಾಸ್‌ವರ್ಡ್ ಮರಳದಿದ್ದರೆ, ತುಂಬಿದ ಕಟ್ಟಡವೂ ಕೆಲಸಕ್ಕೆ ಬಾರದು. ಆದಕಾರಣ ಒಪ್ಪಂದದಲ್ಲಿ ಈ ಅಂಶಗಳು ಅವಶ್ಯ ಇರಬೇಕು:

* ಕೇಬಲ್, ಸ್ವಿಚ್ಚು, ವೈ-ಫೈ ಉಪಕರಣ, ಬಾಗಿಲ ನಿಯಂತ್ರಕಗಳಲ್ಲಿ ಯಾವುದು ಯಾರ ಸ್ವತ್ತು ಎಂಬ ಪಟ್ಟಿ.
* ಮೇಲ್ವಿಚಾರಣೆಯ ಪಾಸ್‌ವರ್ಡುಗಳ ಮೊಹರು ಮಾಡಿದ ಪ್ರತಿ. ಬದಲಾದಾಗಲೆಲ್ಲ ಹೊಸ ಪ್ರತಿ.
* ಪ್ರತಿ ಮಹಡಿಯ ಕೇಬಲ್ ನಕ್ಷೆ.
* ಅಂತರಜಾಲ ಸಂಪರ್ಕದ ಕರಾರನ್ನು ಮಾಲೀಕರ ಹೆಸರಿಗೆ ವರ್ಗಾಯಿಸುವ ಅವಕಾಶ.
* ಬಾಡಿಗೆದಾರರ ಮಾಹಿತಿಯನ್ನು ಹಿಂದಿರುಗಿಸುವ, ಅಳಿಸುವ ಗಡುವು.

ಎಲ್ಲವನ್ನೂ ಮಾಲೀಕರೇ ನಡೆಸಬೇಕೆಂದು ಇದರ ಅರ್ಥವಲ್ಲ. ದಿನನಿತ್ಯದ ಸೇವೆಯನ್ನು ಅದರಲ್ಲಿ ಪಳಗಿದವರಿಗೆ ವಹಿಸುವುದೇ ಸರಿ. ಆದರೆ ಕಷ್ಟಪಟ್ಟು ಕಟ್ಟಿದ ವ್ಯವಹಾರವನ್ನು ನಂಬಿಕೆಯಿಂದ ಆ ಸೂರಿನಡಿ ತಂದಿಟ್ಟ ಸಣ್ಣ ಸಂಸ್ಥೆಗೆ ನಿರ್ವಾಹಕರ ಕಷ್ಟನಷ್ಟ ತಿಳಿದಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಕಟ್ಟಡದ ಹೆಸರು ಮಾತ್ರ. ಸಂಪರ್ಕ ಕಡಿದರೂ ಗುಟ್ಟು ಸೋರಿದರೂ ಕೆಡುವುದು ಆ ಹೆಸರೇ.