ಮುಚ್ಚಿದ ಸದನಕ್ಕೆ ಕರೆಯೋಲೆ

ಕುರುಬರಹಳ್ಳಿಯ ಮತದಾರನೊಬ್ಬ ಚುನಾವಣೆ ಬಂದಾಗ ಸಾಲಿನಲ್ಲಿ ನಿಂತು, ಬೆಂಗಳೂರು ಉತ್ತರ ಕ್ಷೇತ್ರದ ಪ್ರತಿನಿಧಿಯನ್ನು ಆರಿಸಿ ದೆಹಲಿಗೆ ಕಳುಹಿಸುತ್ತಾನೆ. ಆ ಪ್ರತಿನಿಧಿ ಅಲ್ಲಿ ವರ್ಷವಿಡೀ ಕುಳಿತಿರುವುದಿಲ್ಲ. ಆಯವ್ಯಯದ ಅಧಿವೇಶನ, ಮಳೆಗಾಲದ್ದು, ಚಳಿಗಾಲದ್ದು ಎಂದು ವಾಡಿಕೆಯಂತೆ ಮೂರು. ಉಳಿದ ದಿನಗಳು ಬಿಡುವು. ದೇಶದ ಕಷ್ಟಗಳಿಗೆ ಮಾತ್ರ ಇಂಥ ಬಿಡುವಿಲ್ಲ. ಬಾಗಿಲು ಮುಚ್ಚಿರುವಾಗ ವಿಪತ್ತೊಂದು ಬಂದೆರಗಿದರೆ ಸದನವನ್ನು ಮರಳಿ ಕರೆಯುವವರು ಯಾರು? ಸದನವು ತಾನಾಗಿಯೇ ಸೇರಬಲ್ಲುದೆ?

ಸೇರಲಾರದು. ಸಂವಿಧಾನದ 85ನೆಯ ಅನುಚ್ಛೇದದಂತೆ ಕರೆಯುವ ಅಧಿಕಾರ ರಾಷ್ಟ್ರಪತಿಗಳದು. ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರಾದ್ದರಿಂದ ಬೀಗದ ಕೈ ಇರುವುದು ಸರ್ಕಾರದ ಬಳಿಯಲ್ಲೇ. ಒಂದು ಅಧಿವೇಶನದ ಕೊನೆಯ ಬೈಠಕ್ಕಿಗೂ ಮುಂದಿನದರ ಮೊದಲ ಬೈಠಕ್ಕಿಗೂ ನಡುವೆ ಆರು ತಿಂಗಳು ಕಳೆಯಕೂಡದೆಂಬುದೇ ಅದಕ್ಕಿರುವ ಕಟ್ಟು. ರಾಷ್ಟ್ರಪತಿಗಳು ಕರೆಯದೆ ಹೋದಲ್ಲಿ ಸಭಾಧ್ಯಕ್ಷರೇ ಕರೆಯುವಂತಿರಲಿ ಎಂದು ಸಂವಿಧಾನ ರಚನಾ ಸಭೆಯಲ್ಲಿ ಕೆ. ಟಿ. ಷಾ ಅವರು ವಾದಿಸಿದ್ದುಂಟು. ಸಭೆ ಅದನ್ನು ಒಪ್ಪಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡುವುದು ಬೇರೆ, ಅಧಿವೇಶನವನ್ನು ಮುಕ್ತಾಯಗೊಳಿಸುವುದು ಬೇರೆ. ಬರಿದೆ ಮುಂದೂಡಿದ್ದಾದರೆ ಲೋಕಸಭೆಯ ಅಧ್ಯಕ್ಷರು ಯಾವಾಗ ಬೇಕಾದರೂ ಸದಸ್ಯರನ್ನು ಮತ್ತೆ ಕೂಡಿಸಬಹುದು. ಮುಕ್ತಾಯದ ಆಜ್ಞೆ ಹೊರಟ ಮೇಲೆ ಅವರ ಕೈ ಕಟ್ಟಿದಂತೆ. ಹೊಸದಾಗಿ ರಾಷ್ಟ್ರಪತಿಗಳೇ ಕರೆಯಬೇಕು. ಸಾಮಾನ್ಯವಾಗಿ ಪ್ರತಿಯೊಬ್ಬ ಸದಸ್ಯರಿಗೂ ಬೇರೆಬೇರೆಯಾಗಿ ಕರೆಯೋಲೆ ಹೋಗುತ್ತದೆ. ತುರ್ತಿನಲ್ಲಾದರೆ ಪತ್ರಿಕೆಗಳಲ್ಲಿ ಪ್ರಕಟಿಸಿ, ತಂತಿಯ ಮೂಲಕ ತಿಳಿಸಿದರೂ ಸಾಕೆಂದು ನಿಯಮ ಮಾಡಿದರು. ಆ ತಂತಿಯ ಸೇವೆಯೇ 2013ರಲ್ಲಿ ನಿಂತುಹೋಯಿತೆಂಬುದು ಬೇರೆ ಮಾತು.

1962ರ ಅಕ್ಟೋಬರ್ 20ರಂದು ಚೀನೀ ಸೈನ್ಯ ಗಡಿಯಲ್ಲಿ ನುಗ್ಗಿದಾಗ ಸಂಸತ್ತು ಬಿಡುವಿನಲ್ಲಿತ್ತು. ಚಳಿಗಾಲದ ಅಧಿವೇಶನಕ್ಕೆ ಇನ್ನೂ ದಿನಗಳಿದ್ದುವು. ಅದುವರೆಗೆ ಕಾಯಲಾಗದು, ಕೂಡಲೇ ಕರೆಯಿರಿ ಎಂದು ಆಗ ರಾಜ್ಯಸಭೆಯಲ್ಲಿದ್ದ ಅಟಲ ಬಿಹಾರಿ ವಾಜಪೇಯಿಯವರು ಪ್ರಧಾನಿಯನ್ನು ಕೇಳಿದರು. ಯುದ್ಧ ಇದಿರಿಗೇ ನಡೆಯುತ್ತಿರುವಾಗ ಇಂಥ ಕೋರಿಕೆಯನ್ನು ತಳ್ಳಿಹಾಕಲು ನೆವಗಳಿಗೆ ಬರವಿರಲಿಲ್ಲ. ನೆಹರೂ ತಳ್ಳಿಹಾಕಲಿಲ್ಲ, ಅಧಿವೇಶನವನ್ನು ನವೆಂಬರ್ 8ಕ್ಕೆ ಹಿಂದಕ್ಕೆ ತಂದರು. ಗುಪ್ತವಾಗಿ ಸೇರೋಣವೆಂಬ ಸಲಹೆಯನ್ನೂ ಅವರು ಒಪ್ಪಲಿಲ್ಲ. ಸೇನೆ ಹಿಮ್ಮೆಟ್ಟುತ್ತಿದ್ದ ಆ ದಿನಗಳಲ್ಲಿ, ನೂರಕ್ಕೂ ಮಿಕ್ಕ ಸದಸ್ಯರು ತೆರೆದ ಸದನದಲ್ಲಿ ಎದ್ದು ನಿಂತು ಮಾತನಾಡಿದರು. ಅವರಲ್ಲಿ ಸರ್ಕಾರದ ತಪ್ಪುಗಳನ್ನು ಎಣಿಸಿದವರು ಕಡಮೆಯಲ್ಲ, ಆಳುವ ಪಕ್ಷದವರೂ ಇದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರು ಅಧಿವೇಶನದ ಮುನ್ನಾದಿನಗಳಲ್ಲೇ ಮಂತ್ರಿಮಂಡಲವನ್ನು ಬಿಡಬೇಕಾಯಿತು. ನವೆಂಬರ್ 14ರಂದು ಸದನ ತನ್ನ ನಿರ್ಣಯವನ್ನು ಅಂಗೀಕರಿಸಿತು. ಸೋಲನ್ನು ಅದು ತಪ್ಪಿಸಲಿಲ್ಲ, ದಿಟ. ಆದರೆ ಸೋಲಿನ ಲೆಕ್ಕವನ್ನು ಜನರೆದುರು ಒಪ್ಪಿಸುವ ಹೊಣೆಯನ್ನು ಸರ್ಕಾರ ಹೊತ್ತುಕೊಂಡಿತು.

1975ರ ಕಥೆಯೇ ಬೇರೆ, ಅದರ ಒಂದು ಎಳೆ ನಮ್ಮ ಊರಿನಲ್ಲೇ ಇದೆ. ಪಕ್ಷಾಂತರ ನಿಷೇಧದ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗಾಗಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ ಮೊದಲಾದವರು ಬೆಂಗಳೂರಿಗೆ ಬಂದಿದ್ದರು. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾಯಿತು. ಮಾರನೆಯ ದಿನ ಅವರನ್ನು ಇಲ್ಲಿಯೇ ಬಂಧಿಸಿ ನಗರದ ಕೇಂದ್ರ ಕಾರಾಗೃಹಕ್ಕೆ ಒಯ್ದರು. ಇಂದು ಸ್ವಾತಂತ್ರ್ಯ ಉದ್ಯಾನವೆಂದು ಕರೆಯುವ ಜಾಗವೇ ಅದು. ಜುಲೈ 21ರಂದು ಸಂಸತ್ತು ಸೇರಿತು. ಕರೆಯೇನೋ ಬಂದಿತ್ತು, ಆದರೆ ಓಗೊಡಬೇಕಾಗಿದ್ದ ಹಲವರು ಬಂಧನದಲ್ಲಿದ್ದರು. ಪ್ರಶ್ನೋತ್ತರದ ವೇಳೆಯನ್ನು ಕೈಬಿಟ್ಟು, ಸರ್ಕಾರದ ಕಲಾಪವೊಂದನ್ನೇ ನಡೆಸುವುದೆಂದು ಗೊತ್ತುಮಾಡಿ, ಎರಡು ಮೂರು ದಿನಗಳಲ್ಲಿ ಎರಡೂ ಸದನಗಳಿಂದ ತುರ್ತುಪರಿಸ್ಥಿತಿಗೆ ಒಪ್ಪಿಗೆ ಪಡೆದರು. ಸದನವನ್ನು ಕರೆಯದಿರುವುದಕ್ಕಿಂತ ಹೀಗೆ ಕರೆಯುವುದು ಮೇಲೆಂದು ಹೇಳಲು ನನಗೆ ಬಾಯಿ ಬಾರದು.

ಆ ಅನುಭವದಿಂದ ಹುಟ್ಟಿದ್ದು 1978ರ 44ನೆಯ ತಿದ್ದುಪಡಿ. ತುರ್ತುಪರಿಸ್ಥಿತಿಯನ್ನು ತಿರಸ್ಕರಿಸುವ ನಿರ್ಣಯವನ್ನು ತರುವ ಉದ್ದೇಶದಿಂದ ಲೋಕಸಭೆಯ ಹತ್ತನೆಯ ಒಂದು ಭಾಗದ ಸದಸ್ಯರು ಲಿಖಿತ ಸೂಚನೆ ಕೊಟ್ಟರೆ ಹದಿನಾಲ್ಕು ದಿನಗಳೊಳಗೆ ವಿಶೇಷ ಬೈಠಕ್ಕನ್ನು ನಡೆಸಲೇಬೇಕು. ಅಧಿವೇಶನವಿಲ್ಲದ ವೇಳೆಯಾದರೆ ಸೂಚನೆಯನ್ನು ರಾಷ್ಟ್ರಪತಿಗಳಿಗೆ ಕೊಡತಕ್ಕದ್ದು. 543 ಸ್ಥಾನಗಳ ಸದನದಲ್ಲಿ 55 ಸಹಿಗಳು ಸಾಕು. ಷಾ ಅವರ ಬೇಡಿಕೆ ಈಡೇರಿತೆನ್ನುವಂತಿಲ್ಲ. ಆದರೂ ಸರ್ಕಾರದ ಅಪ್ಪಣೆಗೆ ಕಾಯದೆ ಸದಸ್ಯರೇ ತೆರೆಸಬಹುದಾದ ಒಂದು ಕಿಂಡಿಯಂತೂ ಆಯಿತು.

ರಾಜ್ಯಗಳಲ್ಲಿ ರಾಷ್ಟ್ರಪತಿಗಳ ಸ್ಥಾನದಲ್ಲಿ ರಾಜ್ಯಪಾಲರು. ಸರ್ಕಾರವೇ ಕರೆಯಬೇಕೆಂದಾಗ ಸದನ ಸೇರದೆ ಹೋದದ್ದು ನಮ್ಮ ವಿಧಾನಸೌಧದಲ್ಲಿಯೇ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಎಸ್. ಆರ್. ಬೊಮ್ಮಾಯಿ ಮಂತ್ರಿಮಂಡಲಕ್ಕೆ ಬೆಂಬಲ ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದುವು. ಅವರಲ್ಲಿ ಏಳು ಮಂದಿ ಒಡನೆಯೇ ಮಾತು ಬದಲಿಸಿ, ತಾವು ಸರ್ಕಾರದ ಕಡೆಗೇ ಇರುವುದಾಗಿ ಬರೆದುಕೊಟ್ಟರು. ಮಂತ್ರಿಮಂಡಲ ಏಪ್ರಿಲ್ 27ಕ್ಕೆ ಅಧಿವೇಶನವನ್ನು ಗೊತ್ತುಮಾಡಿತು; ಬೇಕಿದ್ದರೆ ಅದಕ್ಕೂ ಮೊದಲೇ ಸದನದಲ್ಲಿ ಬಹುಮತವನ್ನು ತೋರಿಸುವೆನೆಂದು ಬೊಮ್ಮಾಯಿಯವರು ರಾಜಭವನಕ್ಕೆ ಹೋಗಿ ಹೇಳಿದರು. ರಾಜ್ಯಪಾಲರು ಒಪ್ಪದೆ ದೆಹಲಿಗೆ ಇನ್ನೊಂದು ವರದಿ ಕಳುಹಿಸಿದರು. 21ರಂದು ರಾಷ್ಟ್ರಪತಿ ಆಡಳಿತ ಬಂದು ವಿಧಾನಸಭೆ ವಿಸರ್ಜನೆಯಾಯಿತು.

ಬಹುಮತದ ಪರೀಕ್ಷೆ ಸದನದ ಅಂಗಳದಲ್ಲಿ ನಡೆಯಬೇಕೇ ಹೊರತು ರಾಜಭವನದಲ್ಲಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಸಾರಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ಮುಗಿದು, ಬೇರೆ ಸರ್ಕಾರ ಬಂದು, ಐದು ವರ್ಷಗಳೇ ಕಳೆಯುತ್ತ ಬಂದಿದ್ದುವು. ಏಪ್ರಿಲ್ 27ರ ಆ ಅಧಿವೇಶನ ಸೇರಲೇ ಇಲ್ಲ.