ಮೃದುಗರಿಯ ಗಾಳದ ನೊಣ: ಒಂದು ಕೈಕಸಬಿನ ಲಿಖಿತಾಧಾರಗಳು

ಕೈಕಸಬುಗಳ ಚರಿತ್ರೆಯನ್ನು ಬರೆಯಹೊರಟವರಿಗೆ ರಾಜವಂಶಗಳ ಚರಿತ್ರಕಾರನಿಗಿರುವ ಅನುಕೂಲ್ಯಗಳಿಲ್ಲ. ಕಲ್ಲಿನ ಶಾಸನ ಉಳಿಯುತ್ತದೆ. ಗರಿ, ಉಣ್ಣೆ, ರೇಷ್ಮೆ ನೂಲುಗಳು ನುಸಿಯ ಪಾಲಾಗುತ್ತವೆ. ಆಗ ನಮ್ಮ ಕೈಗೆ ಉಳಿಯುವುದು ಆ ಕಸಬಿನವರು ಬರೆದಿಟ್ಟ, ಅನೇಕವೇಳೆ ಅವರ ನೆರೆಯವರು ಬರೆದಿಟ್ಟ, ಟಿಪ್ಪಣಿಗಳು ಮಾತ್ರ. ಅಂಥ ಟಿಪ್ಪಣಿಗಳಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ಪ್ರಕೃತ ಲೇಖನದಲ್ಲಿ ಒಂದು ಅತಿ ಚಿಕ್ಕ ವಸ್ತುವಿನ ನಿದರ್ಶನದಿಂದ ಪರಿಶೀಲಿಸಹೊರಟಿದ್ದೇವೆ. ಆ ವಸ್ತುವೆಂದರೆ ಇಂಗ್ಲೆಂಡಿನ ಉತ್ತರ ಭಾಗದ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಬಳಸುವ, ಮೃದುವಾದ ಗರಿಯಿಂದ ಕಟ್ಟಿದ ಕೃತಕ ನೊಣ.

ಗಾಳದ ಬೇಟೆಯ ಸಾಹಿತ್ಯ ನಮಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಇಂಗ್ಲಿಷಿನಲ್ಲಿ ಈ ವಿಷಯದ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು ಅದಕ್ಕಿಂತ ಸುಮಾರು ಮೂರೂವರೆ ಶತಮಾನಗಳ ತರುವಾಯ. ಆದರೆ ಸೋಮೇಶ್ವರನ ಮೀನು ತಿನಿಸಿಗೆ ಮರುಳಾಗುವ ಮೀನು. ಇಲ್ಲಿಯದು ತಿನಿಸಿನ ತೋರಿಕೆಗೆ ಮರುಳಾಗುವಂಥದು. ಈ ಭೇದ ಸಣ್ಣದಲ್ಲ.

ನೊಣದ ರಚನೆಯನ್ನು ಮೊದಲು ಹೇಳುವುದು ಉಚಿತ. ಮೇಣ ತಿಕ್ಕಿದ ರೇಷ್ಮೆಯ ಎಳೆಯನ್ನು ಗಾಳದ ಕಾಂಡಕ್ಕೆ ಒತ್ತೊತ್ತಾಗಿ ಸುತ್ತಿದರೆ ಅದೇ ನೊಣದ ಒಡಲು. ಕೆಲವು ಬಗೆಗಳಲ್ಲಿ ಆ ಎಳೆಗೆ ಯಾವುದಾದರೂ ಪ್ರಾಣಿಯ ತುಪ್ಪುಳನ್ನು ತೆಳುವಾಗಿ ಹೊಸೆಯುವುದುಂಟು. ಬಳಿಕ ಒಂದು ಪುಟ್ಟ ಗರಿಯನ್ನು ತಲೆಯ ಬಳಿ ಸುಮಾರು ಎರಡು ಸುತ್ತು ಸುತ್ತಿ ಗಂಟು ಬಿಗಿದರೆ ಕೆಲಸ ಮುಗಿಯಿತು. ರೆಕ್ಕೆಯಿಲ್ಲ, ಬಾಲವಿಲ್ಲ. ನಮ್ಮ ಕೌಜುಗದ ಬಳಗಕ್ಕೆ ಸೇರಿದ ಪಾರ್ಟ್ರಿಜ್ ಹಕ್ಕಿಯ ಬೆನ್ನಿನ ಕಂದು ಗರಿಯನ್ನು ಕಿತ್ತಳೆ ಬಣ್ಣದ ರೇಷ್ಮೆಯೊಡನೆ ಕಟ್ಟಿದರೆ ಅದರ ಹೆಸರು ‘ಪಾರ್ಟ್ರಿಜ್ ಅಂಡ್ ಆರೆಂಜ್’. ಸ್ನೈಪ್ ಹಕ್ಕಿಯ ರೆಕ್ಕೆಯ ಕಿರುಗರಿಯನ್ನು ನೇರಿಳೆ ರೇಷ್ಮೆಯೊಡನೆ ಕಟ್ಟಿದರೆ ‘ಸ್ನೈಪ್ ಅಂಡ್ ಪರ್ಪಲ್’. ಹೆಸರೇ ಪಾಕವಿಧಾನವಾಗಿರುವುದನ್ನು ವಾಚಕರು ಗಮನಿಸಬೇಕು. ಮುಂದಿನ ನಮ್ಮ ವಾದಕ್ಕೆಲ್ಲ ಇದೇ ಮೂಲ.

ಗರಿಕಟ್ಟಿದ ಗಾಳದ ಅತಿ ಪ್ರಾಚೀನವಾದ ಸ್ಪಷ್ಟ ಉಲ್ಲೇಖವೆಂದು ಸಾಮಾನ್ಯವಾಗಿ ಹೇಳುವುದು, ಕ್ರಿ. ಶ. 200ರ ಸುಮಾರಿನ ಈಲಿಯನ್ನನ ಪ್ರಾಣಿಗ್ರಂಥದ ಒಂದು ಭಾಗವನ್ನು. ಮ್ಯಾಸಿಡೋನಿಯದ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಸೇರಿಸಿ ಮೀನು ಹಿಡಿಯುವರೆಂದು ಆತ ಬರೆಯುತ್ತಾನೆ. ಆದರೆ ಇದು ಆತ ಕಂಡದ್ದಲ್ಲ, ಕೇಳಿದ್ದು. ಅಲ್ಲಿಂದ ಇಂಗ್ಲೆಂಡಿನವರೆಗೆ ಒಂದು ಅವಿಚ್ಛಿನ್ನ ಪರಂಪರೆಯನ್ನು ಎಳೆಯುವವರಿದ್ದಾರೆ. ನಡುವಣ ಸಾವಿರಕ್ಕೂ ಮಿಕ್ಕ ವರ್ಷಗಳನ್ನು ಇಷ್ಟು ಹಗುರವಾಗಿ ದಾಟುವುದು ನಮಗೆ ಒಪ್ಪಿಗೆಯಿಲ್ಲ.

1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕನು ಪ್ರಕಟಿಸಿದ ಗಾಳದ ಬೇಟೆಯ ಪ್ರಬಂಧದಲ್ಲಿ 12 ನೊಣಗಳ ಪಟ್ಟಿಯಿದೆ. ಡೇಮ್ ಜೂಲಿಯಾನ ಬರ್ನರ್ಸ್ ಎಂಬಾಕೆ ಇದರ ಕರ್ತೃವೆಂಬ ಪ್ರತೀತಿಗೆ ದೃಢವಾದ ಆಧಾರವಿಲ್ಲ. ಪಟ್ಟಿಯಲ್ಲಿ ಒಂದು ನೊಣಕ್ಕೆ ಮಂಕು ಬಣ್ಣದ ಉಣ್ಣೆಯ ಒಡಲು, ಪಾರ್ಟ್ರಿಜ್ ಗರಿಯ ರೆಕ್ಕೆ ಎಂದು ಹೇಳಿದೆ. ಗರಿ ಅದೇ ಹಕ್ಕಿಯದು. ಆದರೆ ಅದನ್ನು ನೆಟ್ಟಗೆ ನಿಲ್ಲಿಸಿ ಕಟ್ಟುತ್ತಿದ್ದರೋ, ಕಾಂಡದ ಸುತ್ತ ಸುತ್ತುತ್ತಿದ್ದರೋ? ಗ್ರಂಥ ಮೌನವಾಗಿದೆ. ಸಾಮಗ್ರಿಯನ್ನು ಹೇಳುತ್ತದೆ, ಕೈಚಳಕವನ್ನು ಹೇಳುವುದಿಲ್ಲ. 1676ರಲ್ಲಿ ಚಾರ್ಲ್ಸ್ ಕಾಟನ್ನನು ವಾಲ್ಟನ್ನನ ಪ್ರಸಿದ್ಧ ಗ್ರಂಥಕ್ಕೆ ಎರಡನೆಯ ಭಾಗವನ್ನು ಬರೆದಾಗ, ಗುರು ಶಿಷ್ಯನೆದುರು ಒಂದು ನೊಣವನ್ನು ಕಟ್ಟಿ ತೋರಿಸುವ ಸನ್ನಿವೇಶವನ್ನು ತಂದನು. ಈ ದೃಷ್ಟಿಯಿಂದ ಅದು ಅಪೂರ್ವವಾದುದು.

ಇಷ್ಟಾದರೂ ಉತ್ತರದ ಮೃದುಗರಿಯ ನೊಣದ ನಿಜವಾದ ಆಧಾರಗಳು ಈ ಖ್ಯಾತ ಗ್ರಂಥಗಳಲ್ಲ. ಹೊಳೆಯ ದಂಡೆಯವರು ತಮ್ಮ ಬಳಕೆಗೆಂದು ಬರೆದುಕೊಂಡ ಕೈಬರಹದ ಪಟ್ಟಿಗಳು. ಯಾರ್ಕ್‌ಷೈರಿನ ವಾರ್ಫ್ ನದಿಯ ಕಣಿವೆಯ ಜಾನ್ ಸ್ವಾರ್‌ಬ್ರಿಕ್ ಎಂಬವನದೆಂದು ಹೇಳುವ 1807ರ ಪಟ್ಟಿ ಇಂಥದು. ಇವುಗಳಲ್ಲಿ ಗರಿ, ರೇಷ್ಮೆ, ತುಪ್ಪುಳು, ಯಾವ ತಿಂಗಳಿಗೆ ಯಾವುದು ಎಂಬಷ್ಟೇ ಇರುತ್ತದೆ. ಇದನ್ನು ಬರೆದವನ ಅಜ್ಞಾನವೆಂದು ಭಾವಿಸಲಾಗದು. ನಮ್ಮ ಮನೆಗಳ ಹಿರಿಯರು ಉಪ್ಪಿನಕಾಯಿಯ ಅಳತೆಯನ್ನು ಬರೆದಿಡುವಾಗ ಮಾವಿನಕಾಯಿಯನ್ನು ಹೆಚ್ಚುವ ಬಗೆಯನ್ನು ಬರೆಯುತ್ತಾರೆಯೇ? ಕೈಗೆ ಬಂದಿರುವುದನ್ನು ಯಾರೂ ಬರೆಯುವುದಿಲ್ಲ. ಮರೆಯಬಹುದಾದುದನ್ನು ಮಾತ್ರ ಬರೆಯುತ್ತಾರೆ. ಆದುದರಿಂದ ಪಟ್ಟಿಯ ಮೌನವೇ ಆ ಕಸಬು ಸುತ್ತಮುತ್ತ ಎಷ್ಟು ಬೇರೂರಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ.

1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೂವರ್ಟ್ ತನ್ನ ‘ದಿ ಪ್ರಾಕ್ಟಿಕಲ್ ಆಂಗ್ಲರ್’ ಗ್ರಂಥವನ್ನು ಪ್ರಕಟಿಸಿದನು. ಆತ ‘ಜೇಡ’ಗಳೆಂದು ಕರೆದ ಮೂರು ಮೃದುಗರಿಯ ನೊಣಗಳು ಇಂದಿಗೂ ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿವೆ. ಪ್ರತಿಯೊಂದು ಕೀಟದ ಪ್ರತಿರೂಪವನ್ನು ಕಟ್ಟುವುದು ವ್ಯರ್ಥ, ನೀರಿನಲ್ಲಿ ಗರಿ ಜೀವವಿದ್ದಂತೆ ಚಲಿಸಬೇಕು ಎಂಬುದು ಅವನ ನಿಲುವು. ಆದರೆ ಆ ನೊಣಗಳ ವಿಷಯದಲ್ಲಿ ಜೇಮ್ಸ್ ಬೈಲಿ ಎಂಬ ಬೇಟೆಗಾರನ ಋಣವನ್ನು ಸ್ಟೂವರ್ಟನೇ ಒಪ್ಪಿಕೊಂಡಿದ್ದಾನೆ. ಬೈಲಿ ಗ್ರಂಥ ಬರೆಯಲಿಲ್ಲ. ಆದುದರಿಂದ ನೊಣಗಳು ‘ಸ್ಟೂವರ್ಟನ ಜೇಡ’ಗಳಾದವು. ಲೇಖಕನ ಕೃತಜ್ಞತೆಯನ್ನು ಓದುಗರು ಮರೆತ ಇಂಥ ಪ್ರಸಂಗಗಳು ಚರಿತ್ರೆಯ ಇತರ ಕ್ಷೇತ್ರಗಳಲ್ಲಿಯೂ ವಿರಳವಲ್ಲ. 1885ರಲ್ಲಿ ಟಿ. ಇ. ಪ್ರಿಟ್ 62 ನೊಣಗಳನ್ನು ಸಂಗ್ರಹಿಸಿ ‘ಯಾರ್ಕ್‌ಷೈರ್ ಟ್ರೌಟ್ ಫ್ಲೈಸ್’ ಎಂದು ಪ್ರಕಟಿಸಿದನು. ಮರುವರ್ಷವೇ ಅದೇ ಗ್ರಂಥ ‘ನಾರ್ತ್ ಕಂಟ್ರಿ ಫ್ಲೈಸ್’ ಎಂದು ಹೆಸರು ಬದಲಾಯಿಸಿಕೊಂಡಿತು. ಒಂದು ಜಿಲ್ಲೆಯ ಸೊತ್ತೆಂದು ಹೇಳಲಾಗದಷ್ಟು ವಿಶಾಲವಾಗಿ ಈ ಕಸಬು ಹರಡಿತ್ತೆಂದು ಇದರಿಂದ ಊಹಿಸಲವಕಾಶವಿದೆ.

ಈ ಪಟ್ಟಿಗಳಿಗೆ ಇನ್ನೊಂದು ಉಪಯೋಗವಿದೆ. ಅವು ಹಕ್ಕಿಗಳ ಲೆಕ್ಕವೂ ಹೌದು. ಸ್ಟೂವರ್ಟನ ಮೂರು ಜೇಡಗಳಿಗೆ ಸ್ಟಾರ್ಲಿಂಗ್, ಲ್ಯಾಂಡ್‌ರೇಲ್, ಡಾಟರೆಲ್ ಎಂಬ ಮೂರು ಹಕ್ಕಿಗಳ ಗರಿ ಬೇಕು. ಮೊದಲನೆಯದು ಹೇರಳ. ಲ್ಯಾಂಡ್‌ರೇಲ್ ಹುಲ್ಲುಗಾವಲಿನ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿ. 19ನೆಯ ಶತಮಾನದ ಉತ್ತರಾರ್ಧದಿಂದ ಹುಲ್ಲು ಕೊಯ್ಯುವ ಯಂತ್ರಗಳು ಬಂದು, ಕೊಯ್ಲೂ ಮುಂಚಿತವಾಗತೊಡಗಿದ ಮೇಲೆ ಇಂಗ್ಲೆಂಡಿನ ಬಹುಭಾಗದಿಂದ ಅದು ಮರೆಯಾಯಿತು. ಡಾಟರೆಲ್ ಸ್ಟೂವರ್ಟನ ಕಾಲಕ್ಕಾಗಲೇ ದುರ್ಲಭವಾಗಿತ್ತು. ಅದಕ್ಕೆ ಬದಲಾಗಿ ಸ್ಟಾರ್ಲಿಂಗ್ ಹಕ್ಕಿಯ ರೆಕ್ಕೆಯ ಒಳಮೈಯ ಗರಿಯಾದೀತೆಂದು ಆತನೇ ಸೂಚಿಸಿದನು. ಗರಿ ಬದಲಾಯಿತು, ನೊಣದ ಹೆಸರು ಬದಲಾಗಲಿಲ್ಲ. ಹೆಸರು ಉಳಿದದ್ದರಿಂದ ವಸ್ತುವೂ ಉಳಿಯಿತೆಂದು ತಿಳಿಯುವ ಸಂಶೋಧಕನು ಇಲ್ಲಿ ತಪ್ಪು ದಾರಿ ಹಿಡಿಯುವುದು ಖಂಡಿತ. ಹೆಸರೇ ಪಾಕವಿಧಾನವೆಂದು ನಾವು ಮೊದಲು ಹೇಳಿದ ಮಾತಿಗೆ ಈ ಮಿತಿಯನ್ನು ಸೇರಿಸಿಕೊಳ್ಳಬೇಕು.

ಮುಂದಿನ ಕಥೆ ಸಂಕ್ಷಿಪ್ತವಾದುದು. 1886ರಲ್ಲಿ ಹ್ಯಾಲ್‌ಫರ್ಡನ ಗ್ರಂಥದಿಂದ ನೀರಿನ ಮೇಲೆ ತೇಲುವ, ಬಿರುಸುಗರಿಯ ನೊಣಕ್ಕೆ ದಕ್ಷಿಣ ಇಂಗ್ಲೆಂಡಿನಲ್ಲಿ ಪ್ರಾಶಸ್ತ್ಯ ಬಂದು, ಮುಳುಗುವ ನೊಣ ಹಳ್ಳಿಗರದೆನಿಸಿತು. 1910ರಲ್ಲಿ ಸ್ಕ್ಯೂಸ್ ಅದರ ಪರ ವಾದಿಸಿದನು. ಅಮೆರಿಕದ ಪೆನ್ಸಿಲ್ವೇನಿಯದ ಜೇಮ್ಸ್ ಲೈಸನ್‌ರಿಂಗ್ 1941ರಲ್ಲಿ ಮುಳುಗುವ ನೊಣವನ್ನು ಕಟ್ಟುವ ಕಲೆಯನ್ನು ಕುರಿತೇ ಗ್ರಂಥ ಬರೆದನು. 1975ರಲ್ಲಿ ಸಿಲ್ವೆಸ್ಟರ್ ನೀಮ್ಸ್ ‘ದಿ ಸಾಫ್ಟ್ ಹ್ಯಾಕಲ್ಡ್ ಫ್ಲೈ’ ಪ್ರಕಟಿಸಿದ ಮೇಲೆ ಆ ಹೆಸರೇ ಎಲ್ಲೆಡೆ ರೂಢಿಗೆ ಬಂದಿತು.

ಪಟ್ಟಿಗಳು ಹೇಳದಿರುವುದನ್ನು ಅರಿಯಲೆಂದು ನಾವು ಊರಕೋಳಿಯ ಕತ್ತಿನ ಗರಿಯಿಂದ ಒಂದು ನೊಣವನ್ನು ಕಟ್ಟಿ ನೋಡಿದೆವು. ಮೂರು ಗರಿಗಳು ಮುರಿದವು, ನಾಲ್ಕನೆಯದು ನಿಂತಿತು. ಒಣಗಿರುವಾಗ ಅದು ಕೆದರಿದ ಕುಂಚದಂತೆ ಕಾಣುತ್ತಿತ್ತು, ಸಹೋದ್ಯೋಗಿಗಳು ನಕ್ಕದ್ದು ಸಹಜವೇ. ನೀರು ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿ ಎಳೆದಾಗ ಎಸಳುಗಳು ಒಡಲಿಗೆ ಅಪ್ಪಿಕೊಂಡವು, ನಿಲ್ಲಿಸಿದಾಗ ಮೆಲ್ಲನೆ ಅರಳಿದವು. ಗರಿಯನ್ನು ನಾಲ್ಕು ಸುತ್ತು ಸುತ್ತಿ ಕಟ್ಟಿದ ಇನ್ನೊಂದರಲ್ಲಿ ಎಸಳುಗಳು ಒತ್ತಾಗಿ ನಿಂತು ಮಿಸುಕಲೇ ಇಲ್ಲ. ಎರಡು ಸುತ್ತಿಗೆ ನಿಲ್ಲಿಸಬೇಕೆಂಬುದು ಮಿತವ್ಯಯದ ಮಾತಲ್ಲವೆಂಬುದು ಆಗ ನಮಗೆ ತಿಳಿಯಿತು.